ರೈಡಿಂಗ್ ಮೋವರ್ (ಕೂತು ಓಡಿಸೋ ಹುಲ್ಲು ಕತ್ತರಿಸೋ ಗಾಡಿ) ರಿಪೇರಿಗೆ ಕೊಡೋ ಮುಂಚೆ ದಯವಿಟ್ಟು ಇದನ್ನ ಓದಿ

ನಾರ್ತ್ ಕೆರೊಲೈನಾದಲ್ಲಿ, ರಾಲಿ ಸುತ್ತಮುತ್ತ ಎಕರೆಗಟ್ಟಲೆ ಜಾಗ ಇರೋ ಮನೆ ತಗೊಂಡಿರೋ ನಮ್ಮವರು ಬೇಕಾದಷ್ಟು ಜನ ಇದ್ದೀರಿ, ಅದಕ್ಕೇ ಬರೀತಿದ್ದೀನಿ. 410 ಡಾಲರ್ ಹೋಯ್ತು. ದುಡ್ಡಿನದು ಒಂದು ಕಡೆ, ರಿಪೇರಿ ಅಂಗಡಿಯವರು ಎದುರಿಗೇ ನಿಂತು ಮುಖ ನೋಡ್ಕೊಂಡು ಸುಳ್ಳು ಹೇಳಿದ್ರಲ್ಲ, ಅದು ಇನ್ನೂ ಉರೀತಿದೆ.

ಕಂಪ್ಲೇಂಟ್ ಇಷ್ಟೇ ಇದ್ದದ್ದು. ಚಳಿಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತಿದ್ದ ಮೋವರ್ ಏಪ್ರಿಲ್‌ನಲ್ಲಿ ಸ್ಟಾರ್ಟ್ ಏನೋ ಆಯ್ತು, ವೇಗ ಮಾತ್ರ ಒಂದೇ ಸಮ ನಿಲ್ಲಲ್ಲ. ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ, ಇಳಿಯುತ್ತೆ. ಬ್ಲೇಡ್ ಹಾಕಿ ಲೋಡ್ ಕೊಟ್ರೆ ಸ್ವಲ್ಪ ಸುಧಾರಿಸುತ್ತೆ, ತೆಗೆದ್ರೆ ಅದೇ ರಾಗ. ಅಷ್ಟರಲ್ಲಿ ಹುಲ್ಲು ಮೊಣಕಾಲಿಗೆ ಬಂದು ನಮ್ಮ ಬಡಾವಣೆಯ ಮನೆಮಾಲೀಕರ ಸಂಘ, ಎಚ್‌ಒಎಯವರ ಪತ್ರ ಬಂತು. ಹತ್ತಿರದ ರಿಪೇರಿ ಅಂಗಡಿಗೆ ಕೊಟ್ಟೆ.

ಫೋನ್ ಬಂತು. "ಗವರ್ನರ್ ಕೆಟ್ಟಿದೆ, ಕಾರ್ಬ್ಯುರೇಟರ್ ಪೂರ್ತಿ ಹೋಗಿದೆ, ಹೊಸದೇ ಹಾಕಬೇಕು. ಹೀಗೇ ಓಡಿಸಿದ್ರೆ ಎಂಜಿನ್ನೇ ಹೋಗುತ್ತೆ." ಗವರ್ನರ್ ಅಂದ್ರೆ ಎಂಜಿನ್ ವೇಗ ಹಿಡಿದಿಡೋ ಭಾಗ, ಕಾರ್ಬ್ಯುರೇಟರ್ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡೋದು. ಸರಿ, ಹಾಕಿ ಅಂದೆ.

ವಾಪಸ್ ಬಂದಾಗ ಏರಿಳಿತ ನಿಂತಿತ್ತು, ನಿಜ. ಆದರೆ ಎಂಜಿನ್ ಕಿರುಚ್ತಿತ್ತು. ಸೀಟು, ಸ್ಟೀರಿಂಗ್ ಎಲ್ಲ ನಡುಗ್ತಿತ್ತು. ಕೇಳಿದ್ದಕ್ಕೆ ಬಂದ ಉತ್ತರ ನೋಡಿ: "ಫುಲ್ ಥ್ರಾಟಲ್‌ನಲ್ಲಿ ಹೀಗೇ ಇರಬೇಕು. ಇಷ್ಟು ದಿನ ಕೆಟ್ಟ ಎಂಜಿನ್ನಿನ ಸದ್ದು ಕೇಳಿ ಕೇಳಿ ನಿಮಗೆ ಅದೇ ಅಭ್ಯಾಸ ಆಗಿದೆ." ವರ್ಷಗಟ್ಟಲೆ ಇದೇ ಮೋವರ್ ಓಡಿಸಿದ್ದೀನಿ ನಾನು! ನನ್ನ ಗಾಡಿ ಸದ್ದು ನನಗೆ ಗೊತ್ತಿಲ್ಲವಂತೆ!

ಸ್ಪಾರ್ಕ್ ಪ್ಲಗ್ ವೈರಿಗೆ ಸುತ್ತಿ ಎಂಜಿನ್ ವೇಗ ಅಳೆಯೋ ಟ್ಯಾಕೊಮೀಟರ್ ಸಿಗುತ್ತೆ, ಇಪ್ಪತ್ತು ಡಾಲರಿನ ಆಸುಪಾಸು. ತಂದು ಸುತ್ತಿದೆ. 4,150 ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ ಅಷ್ಟು ಸುತ್ತು. ಈ ಥರದ ಎಂಜಿನ್ನುಗಳು ಸಾಮಾನ್ಯವಾಗಿ 3,600 ದಾಟಬಾರದು. ಗವರ್ನರ್ ಇರೋದೇ ಆ ಮಿತಿ ಕಾಯೋಕೆ. ಅದು ತಪ್ಪಿದ್ರೆ ಕನೆಕ್ಟಿಂಗ್ ರಾಡ್ (ಪಿಸ್ಟನ್ನಿಗೆ ಜೋಡಿಸಿದ ಕಂಬಿ) ಮುರಿದು ಎಂಜಿನ್ ಒಡಲು ಸೀಳಬಹುದು. ಬ್ಲೇಡಿನ ತುದಿ ನಿಮಿಷಕ್ಕೆ 19,000 ಅಡಿ ವೇಗ ಮೀರಬಾರದು ಅಂತ ಇಲ್ಲಿನ ಸುರಕ್ಷತಾ ಮಾನದಂಡ ಇದೆ, ಅದೂ ಆರ್‌ಪಿಎಂ ಮೇಲೇ ನಿಂತಿರೋದು. ನಮ್ಮ ಅಂಗಳದಲ್ಲಿ ಮಕ್ಕಳು ಓಡಾಡ್ತಾರೆ ಸ್ವಾಮಿ. ಇದನ್ನ 'ರಿಪೇರಿ' ಅಂತ ಕೊಟ್ಟು ಕಳಿಸಿದ್ರು.

ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ಒಳಗೆ ನೋಡಿದೆ. ಗವರ್ನರ್ ಸ್ಪ್ರಿಂಗನ್ನ ಗವರ್ನರ್ ತೋಳಿನಲ್ಲಿ ಮೊದಲಿದ್ದ ತೂತಿನಿಂದ ತೆಗೆದು ದೂರದ ತೂತಿಗೆ ಸಿಕ್ಕಿಸಿದ್ದಾರೆ. ಸ್ಪ್ರಿಂಗಿನ ಇನ್ನೊಂದು ತುದಿ ಹಿಡಿಯೋ ತಗಡನ್ನ ಇಕ್ಕಳದಲ್ಲಿ ಬಗ್ಗಿಸಿದ್ದಾರೆ, ಇಕ್ಕಳದ ಹಲ್ಲಿನ ಗುರುತು ಫಳಫಳ ಹೊಳೀತಿತ್ತು. ಹಾಗೆ ಮಾಡಿದ್ರೆ ಗವರ್ನರಿನ ಚುರುಕು ಕಮ್ಮಿಯಾಗಿ ಏರಿಳಿತ ಮುಚ್ಚಿಹೋಗುತ್ತೆ, ವೇಗ ಮಾತ್ರ ಮೇಲಕ್ಕೆ ಹೋಗಿ ಕೂರುತ್ತೆ.

ಇನ್ನು ಆ 'ಹೊಸ' ಕಾರ್ಬ್ಯುರೇಟರ್. ಹಿಂದೊಮ್ಮೆ ನಾನು ಅದರ ಬೌಲ್ (ಕೆಳಗಿನ ಪೆಟ್ರೋಲ್ ಬಟ್ಟಲು) ಬಿಚ್ಚುವಾಗ ಸ್ಪ್ಯಾನರ್ ಜಾರಿ ಉದ್ದಕ್ಕೆ ಗೀರು ಬಿದ್ದಿತ್ತು. ಅದೇ ಗೀರು, ಅದೇ ಜಾಗ. ಹೊರಗೆ ಸ್ಪ್ರೇ ಹೊಡೆದು ಒರೆಸಿದ್ದಾರೆ, ಅಷ್ಟೇ. ಕೈಯಲ್ಲಿ ಹಿಡ್ಕೊಂಡು ಎಷ್ಟು ಹೊತ್ತು ಅದನ್ನೇ ನೋಡ್ತಾ ನಿಂತಿದ್ನೋ ಗೊತ್ತಿಲ್ಲ. ಬಿಲ್ಲಿನಲ್ಲಿ ದಪ್ಪಕ್ಷರದಲ್ಲಿ 'ಹೊಸ ಕಾರ್ಬ್ಯುರೇಟರ್'. ನನ್ನದೇ ಸಾಮಾನು, ನನಗೇ ಮಾರಿದ್ದಾರೆ!

ಹಳೇದು ಎಲ್ಲಿ ಅಂದೆ. "ಸ್ಕ್ರ್ಯಾಪಿಗೆ ಹೋಯ್ತು." ಹೊಸದರ ಪಾರ್ಟ್ ನಂಬರ್ ಕೊಡಿ ಅಂದೆ. "ಅದು ರೀಬಿಲ್ಡ್ ಮಾಡಿದ್ದು, ನಂಬರ್ ಇರಲ್ಲ." ಗೀರಿನ ಫೋಟೊ ಕಳಿಸಿದೆ. "ಕಾರ್ಬ್ಯುರೇಟರ್ ಅಂದಮೇಲೆ ಗೀರು ಇದ್ದೇ ಇರುತ್ತೆ." ಕೊನೆಗೆ, "ನೀವೇ ಬಿಚ್ಚಿದ್ದೀರಿ, ಇನ್ನು ವಾರಂಟಿ ಇಲ್ಲ." ಬಿಚ್ಚದೇ ಇದ್ದಿದ್ರೆ ಇದು ಗೊತ್ತಾಗೋದಾದ್ರೂ ಹೇಗೆ?

ನಿಜವಾದ ಕಾಯಿಲೆ ಏನು ಗೊತ್ತಾ? ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಹಾಯೋ ಪೈಲಟ್ ಜೆಟ್ಟಿನ ಸಣ್ಣ ತೂತು ಮುಚ್ಚಿಹೋಗಿತ್ತು. ಎಥನಾಲ್ ಬೆರೆಸಿದ ಪೆಟ್ರೋಲ್ ಟ್ಯಾಂಕಿನಲ್ಲೇ ತಿಂಗಳುಗಟ್ಟಲೆ ನಿಂತ್ರೆ ಅಂಟು ಕಟ್ಟುತ್ತೆ. ಕ್ಲೀನರ್ ಹೊಡೆದು, ತೆಳು ತಾಮ್ರದ ಎಳೆ ತೂರಿಸಿ, ಸ್ಪ್ರಿಂಗ್ ಹಳೇ ತೂತಿಗೆ ಹಾಕಿ, ತಗಡು ನೇರ ಮಾಡಿ ಟ್ಯಾಕೊಮೀಟರ್ ನೋಡಿದೆ. 3,300ಕ್ಕೆ ಬಂದು ನಿಂತಿತು, ಅಲ್ಲಾಡಲಿಲ್ಲ. ಗವರ್ನರಿಗೆ ಏನೂ ಆಗಿರಲಿಲ್ಲ. ಏನೂ ಆಗಿರಲಿಲ್ಲ!

ನಿಮ್ಮದೂ ಹೀಗೆ ಏರಿಳಿದ್ರೆ ಮೊದಲು ಚೋಕ್ (ಎಂಜಿನ್ನಿಗೆ ಗಾಳಿ ಕಮ್ಮಿ ಮಾಡೋದು) ಅರ್ಧ ಎಳೆದು ನೋಡಿ. ಏರಿಳಿತ ನಿಂತ್ರೆ ಪೆಟ್ರೋಲ್ ಸಾಲ್ತಿಲ್ಲ ಅಂತ ಅರ್ಥ: ಜೆಟ್, ಫಿಲ್ಟರ್, ಟ್ಯಾಂಕ್ ಮುಚ್ಚಳದ ಗಾಳಿ ತೂತು, ಇಂಟೇಕ್ ಗ್ಯಾಸ್ಕೆಟ್ ನೋಡಿ. ಗವರ್ನರ್ ತೋಳಿನ ನಟ್ಟು ಕೊನೆಗೆ. ಅಂಗಡಿಗೇ ಕೊಡೋದಾದ್ರೆ ಕಾರ್ಬ್ಯುರೇಟರ್, ಸ್ಪ್ರಿಂಗ್ ಎರಡರದ್ದೂ ಫೋಟೊ ತೆಗೆದಿಡಿ, ಹಳೇ ಪಾರ್ಟ್ ವಾಪಸ್ ಬೇಕು ಅಂತ ಮೊದಲೇ ಬರೆಸಿ, ಆರ್‌ಪಿಎಂ ನಿಮ್ಮೆದುರೇ ಅಳೆಸಿ. ಅಳೆಯಲ್ಲ ಅಂದ್ರೆ ಗಾಡಿ ಅಲ್ಲಿ ಬಿಡಲೇಬೇಡಿ.

ಕ್ಯಾಶ್ ಅಂತೂ ಕೊಡಬೇಡಿ. ಕ್ರೆಡಿಟ್ ಕಾರ್ಡ್ ಆದ್ರೆ ಸ್ಟೇಟ್‌ಮೆಂಟ್ ಕಳಿಸಿದ 60 ದಿನದೊಳಗೆ ಕಾರ್ಡಿನವರಿಗೆ ಬರೆದು ಡಿಸ್ಪ್ಯೂಟ್ (ತಕರಾರು) ಹಾಕಬಹುದು, ಕಾನೂನಿದೆ. ಬಿಲ್ಲು, ಗೀರಿನ ಫೋಟೊ, 4,150 ತೋರಿಸೋ ಮೀಟರಿನ ಫೋಟೊ ಎಲ್ಲ ಸೇರಿಸಿ ಹಾಕಿದ್ದೀನಿ. ಅಂಗಡಿಯವರು ಈಗ ಫೋನ್ ಮಾಡಿ "ಅರ್ಧ ವಾಪಸ್ ಕೊಡ್ತೀವಿ, ಕಂಪ್ಲೇಂಟ್ ತೆಗೀರಿ" ಅಂತಿದ್ದಾರೆ. ತೆಗೆಯಲ್ಲ ಅಂದಿದ್ದೀನಿ.