ಎರಡು ಮಳೆಗಾಲ ಕಂಡ ನನ್ನ ಹಾಟ್ ಏರ್ ಬ್ರಷ್

ಬಿಸಿಗಾಳಿ ಬಿಟ್ಟು ಕೂದಲು ಒಣಗಿಸುತ್ತಲೇ ಬಾಚಿ ನೇರ ಮಾಡುವ ಕರೆಂಟ್ ಬ್ರಷ್ ಇದು, ಎರಡು ವರ್ಷದ ಹಿಂದೆ 1,800 ರೂಪಾಯಿಗೆ ಆನ್‌ಲೈನ್‌ನಲ್ಲಿ ತರಿಸಿದ್ದು. ಕಂಪನಿ ಹೆಸರು ಬೇಡ, ಆ ಬೆಲೆಯಲ್ಲಿ ನಾನು ನೋಡಿದವೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇದ್ದವು: ಮೊಟ್ಟೆ ಆಕಾರದ ದಪ್ಪ ತಲೆ, 1000 ಇಲ್ಲಾ 1200 ವ್ಯಾಟ್, ಬಿಸಿಗೆ ಎರಡು ಹಂತ, ತಣ್ಣನೆ ಗಾಳಿಗೆ ಒಂದು.

ನನ್ನ ಕೂದಲು ಹೆಗಲಿನಿಂದ ಒಂದು ಗೇಣು ಕೆಳಗಿದೆ, ದಪ್ಪ, ಅಲೆಅಲೆ. ಊರು ಚಿಕ್ಕಮಗಳೂರು. ಊರಿನ ಮಾತು ಯಾಕೆ ಅಂದ್ರೆ, ವಿಡಿಯೋದವರೆಲ್ಲ ಎಸಿ ರೂಮಿನಲ್ಲಿ ಕೂತು ತೋರಿಸುತ್ತಾರೆ, ನಮ್ಮಲ್ಲಿ ಜುಲೈ ಬಂದರೆ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಇನ್ನು ತಲೆ ಒಣಗುತ್ತಾ?

ಮೊದಲ ತಿಂಗಳು ಬಚ್ಚಲಿನಿಂದ ಬಂದವಳೇ ನೀರು ತೊಟ್ಟಿಕ್ಕುವ ಕೂದಲಿಗೆ ಬ್ರಷ್ ಹಾಕುತ್ತಿದ್ದೆ. ನಲವತ್ತು ನಿಮಿಷ. ತೋಳು ಬಿದ್ದುಹೋಗುತ್ತಿತ್ತು, ಕೂದಲು ಸಿಕ್ಕಾಗಿ ಕಿತ್ತು ಬರುತ್ತಿತ್ತು, ತುದಿಯಂತೂ ತೆಂಗಿನ ನಾರು. ತಪ್ಪು ನನ್ನದೇ. ಈಗ ಹಳೇ ಕಾಟನ್ ಪಂಚೆ ಸುತ್ತಿಕೊಂಡು ತಿಂಡಿ ಕೆಲಸ ಮುಗಿಸುತ್ತೇನೆ. ಮುಕ್ಕಾಲು ಪಾಲು ಒಣಗಿದ ಮೇಲೇ ಬ್ರಷ್. ನಾಲ್ಕು ಭಾಗ ಮಾಡಿ ಕ್ಲಿಪ್ ಹಾಕಿಕೊಂಡು ಬುಡದಿಂದ ನಿಧಾನವಾಗಿ ಎಳೆದರೆ ಹದಿನೈದು ನಿಮಿಷದ ಕೆಲಸ. ಎಣ್ಣೆ ಹಚ್ಚಿದ ತಲೆಗಂತೂ ಬೇಡವೇ ಬೇಡ.

ಕೊನೇ ಸುತ್ತಿಗೆ ತಣ್ಣನೆ ಗಾಳಿ ಹತ್ತು ಸೆಕೆಂಡ್ ಬಿಡಿ. ನಾನು ಅದನ್ನು ಸುಮ್ನೆ ಕೊಟ್ಟಿದ್ದಾರೆ ಅಂದುಕೊಂಡಿದ್ದೆ. ಕೂದಲಿನ ಆಕಾರ ಹಿಡಿದಿಡುವ, ಒಳಗಿನ ಹೈಡ್ರೋಜನ್ ಬಂಧಗಳು ನೀರು ತಾಗಿದರೆ ಬಿಡುತ್ತವೆ, ಒಣಗಿ ತಣ್ಣಗಾಗುವಾಗ ಹೇಗಿವೆಯೋ ಹಾಗೇ ಕಟ್ಟಿಕೊಳ್ಳುತ್ತವೆ. ಅದಕ್ಕೇ ಮಂಜು ಇದಕ್ಕೆ ಶತ್ರು. ಮಳೆಗಾಲದಲ್ಲಿ ನನ್ನ ಬಸ್ಸು ಹತ್ತಿರದ ಆಲ್ದೂರು ಸೇರುವಷ್ಟರಲ್ಲಿ ಮುಂಗೂದಲು ಮತ್ತೆ ಗುಂಗುರು. ಫೆಬ್ರವರಿ, ಮಾರ್ಚ್‌ನಲ್ಲಿ ಮಾತ್ರ ಮಾರನೇ ದಿನಕ್ಕೂ ನಿಲ್ಲುತ್ತೆ. ಬೆಲೆ ಜಾಸ್ತಿ ಕೊಟ್ಟರೂ ಮಂಜು ಬಿಡಲ್ಲ: ತಂಗಿಯ ದುಬಾರಿ ಬ್ರಷ್, ಅದರ ಮೇಲೆ ಅಯಾನಿಕ್, ಆರ್ಗಾನ್ ಅಂತೆಲ್ಲ ಬರೆದಿದೆ, ಒಂದು ವಾರ ತಂದು ಹಾಕಿಕೊಂಡೆ, ನನಗೆ ವ್ಯತ್ಯಾಸ ಕಾಣಲಿಲ್ಲ.

ನಾನಾದರೆ ಮೊದಲು ತೂಕ ನೋಡುತ್ತೇನೆ. ನನ್ನದು ಸುಮಾರು 600 ಗ್ರಾಂ. ಅರ್ಧ ಲೀಟರ್ ನೀರಿನ ಬಾಟಲಿ ತುಂಬಿಸಿ ತಲೆಯ ಹಿಂದೆ ಐದು ನಿಮಿಷ ಎತ್ತಿ ಹಿಡಿಯಿರಿ, ಗೊತ್ತಾಗುತ್ತೆ.

ಸದ್ದು ಮಿಕ್ಸಿಯಷ್ಟೇ. "ಬೆಳಿಗ್ಗೆ ಬೆಳಿಗ್ಗೆ ರೂಮಲ್ಲಿ ಏನು ರುಬ್ತಿದೀಯೇ?" ಅಂತ ಅತ್ತೆ ಇವತ್ತಿಗೂ ಕೇಳುತ್ತಾರೆ. ಒಂದು ಸಂಜೆ ಕರೆಂಟ್ ಹೋಗಿದ್ದು ಗಮನಿಸದೆ ಇದನ್ನು ಆನ್ ಮಾಡಿಬಿಟ್ಟೆ. ಮನೆಯ ಯುಪಿಎಸ್ 850 ವಿಎ, ಅಂದರೆ 850 ವ್ಯಾಟ್‌ಗಿಂತ ಹೆಚ್ಚು ಕೊಡಲಾರದು, ಇದು 1000 ವ್ಯಾಟ್, ಎಲ್ಲಿ ತಡೆಯುತ್ತೆ? ಕೀ ಕೀ ಅಂತ ಕೂಗಿ ಆಫ್ ಆಯಿತು, ಜೊತೆಗೆ ಅತ್ತೆಯ ಧಾರಾವಾಹಿಯೂ. ಅವತ್ತಿನ ಬೈಗುಳ ಇಲ್ಲಿ ಬರೆಯಲ್ಲ. ಎಕ್ಸ್‌ಟೆನ್ಶನ್ ಬಾಕ್ಸಿಗೆ ಇಸ್ತ್ರಿಪೆಟ್ಟಿಗೆ ಜೊತೆ ಹಾಕಲೂಬೇಡಿ, ಗೋಡೆಯ ಸಾಕೆಟ್ಟಿಗೇ ಹಾಕಿ.

ಎಂಟು ತಿಂಗಳಾದಾಗ ಸುಟ್ಟ ವಾಸನೆ ಶುರುವಾಯಿತು. ಹೋಯಿತು 1,800 ಅಂದುಕೊಂಡೆ. ಹಿಡಿಯ ತಳದ ಜಾಲರಿ ನೋಡಿದರೆ ಧೂಳು, ಕೂದಲು ಸೇರಿ ಬೂದು ಬಣ್ಣದ ಕಂಬಳಿ ಹೊದ್ದಂತಿತ್ತು. ಪ್ಲಗ್ ತೆಗೆದು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ, ವಾಸನೆ ಹೋಯಿತು. ಈಗ ತಿಂಗಳಿಗೊಮ್ಮೆ ಆ ಕೆಲಸ.

ಮೋಟಾರು ಇನ್ನೂ ಗಟ್ಟಿಯಾಗಿದೆ. ಆದರೆ ಬ್ರಷ್ಷಿನ ಹಲ್ಲುಗಳ ತುದಿಯಲ್ಲಿದ್ದ ಸಣ್ಣ ಗುಂಡುಗಳು ಒಂದೊಂದೇ ಉದುರಿ, ಬೈತಲೆ ಹತ್ತಿರ ಪರಚುತ್ತೆ. ಇದರ ತಲೆ ಬಿಚ್ಚಲು ಬರಲ್ಲ, ಬಿಚ್ಚುವ ಥರದ್ದು ತಗೊಂಡಿದ್ದರೆ ಅದೊಂದನ್ನೇ ಬದಲಾಯಿಸಬಹುದಿತ್ತೇನೋ. ಆ ಜಾಗಕ್ಕೆ ಸದ್ಯ ಬಾಚಣಿಗೆಯೇ ಗತಿ.