ಹಳೇ ಲಿಸ್ಟರ್ ಇಂಜಿನ್ ರಿಪೇರಿ: ಮಲ್ಪೆಯ ಬೋರ್ಡಿಲ್ಲದ ವರ್ಕ್‌ಶಾಪ್ ಬಗ್ಗೆ ನನ್ನ ರಿವ್ಯೂ

ಮಲ್ಪೆ ಬಂದರಿನ ಮೇನ್ ರೋಡಿಂದ ಸ್ವಲ್ಪ ಒಳಗೆ ಹೋದ್ರೆ ಶೀಟ್ ಹಾಕಿದ ಒಂದು ಲೇತ್ ಶಾಪ್ ಉಂಟು, ಬೋರ್ಡ್ ಗೀರ್ಡ್ ಎಂತದೂ ಇಲ್ಲ, ಮ್ಯಾಪಲ್ಲಿ ಹುಡುಕಿದ್ರೂ ಸಿಗುದಿಲ್ಲ, ಬೋಟಿನವರ ಹತ್ರ ಹಳೇ ಇಂಜಿನ್ ಮಾಡುವ ಮೇಸ್ತ್ರಿ ಎಲ್ಲಿ ಅಂತ ಕೇಳಿದ್ರೆ ಕೈ ತೋರಿಸ್ತಾರೆ. ನಮ್ಮ ದೋಣಿಯ ಲಿಸ್ಟರ್ ಇಂಜಿನ್ ಅಲ್ಲೇ ಮಾಡಿಸಿದ್ದು. ಹೆಸರು ನಂಬರ್ ಹಾಕ್ಬೇಡಿ ಮಾರಾಯ್ರೆ, ಈಗ ಇರುವ ಕೆಲಸವೇ ಮುಗಿತಾ ಇಲ್ಲ ಅಂತ ಮೇಸ್ತ್ರಿಯೇ ಹೇಳಿದ್ದಾರೆ, ಹಾಗಾಗಿ ಹಾಕುದಿಲ್ಲ. ಐದರಲ್ಲಿ ನಾಲ್ಕು ಸ್ಟಾರ್ ಕೊಡ್ತೇನೆ. ಒಂದು ಕಟ್ ಮಾಡಿದ್ದು ಯಾಕೆ ಅಂತ ಕೊನೆಗೆ ಹೇಳ್ತೇನೆ, ಕೆಲಸ ಸರಿ ಇಲ್ಲ ಅಂತ ಅಲ್ಲ.

ಮೊದಲು ಇಂಜಿನ್ ಯಾವುದು ಅಂತ ಗೊತ್ತಾಗ್ಬೇಕು, ಇಲ್ಲಾಂದ್ರೆ ಈ ರಿವ್ಯೂ ನಿಮಗೆ ಉಪಯೋಗ ಇಲ್ಲ. ಲಿಸ್ಟರ್ ಸಿಎಸ್ 6/1, ಒಂದೇ ಸಿಲಿಂಡರ್, 6 ಹೆಚ್‌ಪಿ, 650 ಆರ್‌ಪಿಎಂ, ಎರಡೂ ಬದಿಗೆ ದೊಡ್ಡ ದೊಡ್ಡ ಫ್ಲೈವ್ಹೀಲ್. ಇಂಗ್ಲೆಂಡಿನ ಡರ್ಸ್ಲಿ ಅನ್ನುವ ಊರಲ್ಲಿ 1930ರ ಹೊತ್ತಿಗೆ ಬಂದ ಡಿಸೈನ್, ಆಮೇಲೆ ನಮ್ಮ ರಾಜ್‌ಕೋಟ್‌ನವರು ಅದನ್ನೇ ಕಾಪಿ ಮಾಡಿ ಊರೂರಿಗೆ ಕಳಿಸಿದ್ರು, ಅಕ್ಕಿ ಮಿಲ್ಲು, ನೀರಿನ ಪಂಪು ಎಲ್ಲ ಕಡೆ ಇದೇ ಡಕ್ ಡಕ್ ಇತ್ತು ಒಂದು ಕಾಲದಲ್ಲಿ. ನಮ್ಮದು ಒರಿಜಿನಲ್. ದೊಡ್ಡಪ್ಪನ ಅಕ್ಕಿ ಮಿಲ್ಲಲ್ಲಿ ಇದ್ದದ್ದು, ಕರೆಂಟ್ ಮೋಟರ್ ಬಂದ ಮೇಲೆ ಮೂಲೆಗೆ ಬಿದ್ದಿತ್ತು, ಅದನ್ನು ತಂದು ದೋಣಿಗೆ ಕೂರಿಸಿದ್ದು. ಹಂಗಾರಕಟ್ಟೆ ಕಡೆ ಸೀತಾ ನದಿಯ ಹಿನ್ನೀರಲ್ಲಿ ಕುದ್ರುವಿಂದ (ಹೊಳೆ ನಡುವಿನ ಸಣ್ಣ ದ್ವೀಪ) ತೆಂಗಿನಕಾಯಿ ತರ್ಲಿಕ್ಕೆ, ಮನೆಯವರು ಆಚೆ ಈಚೆ ಹೋಗ್ಲಿಕ್ಕೆ ಅಷ್ಟೇ ಆ ದೋಣಿ, ಸಮುದ್ರಕ್ಕೆ ಹೋಗುದಿಲ್ಲ.

ಆಗಿದ್ದು ಎಂತ ಅಂದ್ರೆ ಬೆಳಿಗ್ಗೆ ಸ್ಟಾರ್ಟೇ ಆಗ್ತಾ ಇರ್ಲಿಲ್ಲ. ಇದಕ್ಕೆ ಸೆಲ್ಫ್ ಇಲ್ಲ, ಹ್ಯಾಂಡಲ್ ಹಾಕಿ ತಿರುಗಿಸ್ಬೇಕು, ಎಕ್ಸಾಸ್ಟ್ ವಾಲ್ವ್ ಎತ್ತಿಟ್ಟು ಫ್ಲೈವ್ಹೀಲಿಗೆ ಸ್ಪೀಡ್ ಬಂದ ಮೇಲೆ ಬಿಡ್ಬೇಕು, ಕಂಪ್ರೆಶನ್ ಇದ್ರೆ ಒಂದೇ ಏಟಿಗೆ ಹಿಡಿತದೆ. ನಮ್ಮದು ಬಿಟ್ಟ ಕೂಡ್ಲೇ ಪುಸ್ ಅಂತ ಹೋಗ್ತಿತ್ತು, ಬಿಳಿ ಹೊಗೆ ಮಾತ್ರ. ಹೇಗಾದ್ರೂ ಸ್ಟಾರ್ಟ್ ಆದ್ರೆ ನೀಲಿ ಹೊಗೆ, ಬ್ರೀದರಿಂದ ಆಯಿಲ್ ಸಮೇತ ಗಾಳಿ ಹೊರಗೆ, ಡೀಸೆಲಿಗಿಂತ ಆಯಿಲೇ ಜಾಸ್ತಿ ಕುಡಿತದಾ ಅಂತ ಡೌಟು. ಪಿಸ್ಟನ್ನಿನ ರಿಂಗು, ಪಿಸ್ಟನ್ ಓಡುವ ಒಳಕೊಳವೆ ಅಂದ್ರೆ ಲೈನರ್ ಹೋಗಿದೆ ಅಂತ ಯಾರು ಬೇಕಾದ್ರೂ ಹೇಳ್ಬಹುದು ಇಷ್ಟಕ್ಕೆ, ಪ್ರಶ್ನೆ ಇದ್ದದ್ದು ರಿಪೇರಿ ಮಾಡುದಾ ಬಿಸಾಡುದಾ ಅಂತ.

ಮಂಗಳೂರಲ್ಲಿ ಒಂದು ಕಡೆ ಕೇಳಿದೆ, ಹೆಸರು ಬೇಡ, ಅವರು ಇಂಜಿನ್ ನೋಡ್ಲೇ ಇಲ್ಲ. ಫೋಟೋ ನೋಡಿ ಇದು ಗುಜರಿಗೆ ಹಾಕಿ, 1500 ಆರ್‌ಪಿಎಂದು ಹೊಸ ಇಂಜಿನ್ ಉಂಟು, ಸಣ್ಣದು, ಹಗುರ, ಸೆಲ್ಫ್ ಸ್ಟಾರ್ಟ್, ನಾಳೆಯೇ ಕೊಡ್ತೇವೆ ಅಂದ್ರು. ಕೇಳ್ಲಿಕ್ಕೆ ಚಂದ. ಆದ್ರೆ ದೋಣಿಯಲ್ಲಿ ಇಂಜಿನ್ ಒಂದೇ ಬದಲಾಗುದಲ್ಲ ಅಲ್ವಾ. ನಮ್ಮ ಗೇರ್ ಬಾಕ್ಸಲ್ಲಿ ಮುಂದೆ, ನ್ಯೂಟ್ರಲ್, ಹಿಂದೆ ಅಷ್ಟೇ, ರಿಡಕ್ಷನ್ ಇಲ್ಲ, ಇಂಜಿನ್ ಎಷ್ಟು ತಿರುಗ್ತದೋ ಪ್ರೊಪೆಲ್ಲರ್ ಅಷ್ಟೇ ತಿರುಗ್ತದೆ. 650ಕ್ಕೆ ಸರಿಯಾಗಿ ದೊಡ್ಡ ಅಗಲದ ಪ್ರೊಪೆಲ್ಲರ್ ಹಾಕಿದ್ದು. ಅದನ್ನೇ 1500ರಲ್ಲಿ ತಿರುಗಿಸ್ಲಿಕ್ಕೆ ಹೋದ್ರೆ ಪವರ್ ಎರಡೂಕಾಲು ಪಟ್ಟು ಸಾಕಾಗುದಿಲ್ಲ, ಸ್ಪೀಡಿನ ಘನಕ್ಕೆ ಸರಿಯಾಗಿ ಏರ್ತದೆ, ಲೆಕ್ಕ ಹಾಕಿದ್ರೆ ಸುಮಾರು 12 ಪಟ್ಟು ಬೇಕು. ಅಂದ್ರೆ ಹೊಸ ಇಂಜಿನ್ ಅಲ್ಲೇ ಉಸಿರು ಕಟ್ಟಿ ಕಪ್ಪು ಹೊಗೆ ಬಿಡ್ತದೆ. ಹಾಗಾಗಬಾರದು ಅಂದ್ರೆ ರಿಡಕ್ಷನ್ ಗೇರ್ ಬಾಕ್ಸ್ ಬೇಕು, ಇಲ್ಲ ಸಣ್ಣ ಪ್ರೊಪೆಲ್ಲರ್ ಹಾಕಿ ಎಫಿಶಿಯೆನ್ಸಿ ಕಳ್ಕೊಳ್ಬೇಕು, ಇಂಜಿನ್ ಕೂರುವ ಮರದ ಬೆಡ್ ಹೊಸದು ಮಾಡ್ಬೇಕು, ಶಾಫ್ಟ್ ಲೈನ್ ಪುನಃ ಅಲೈನ್ ಮಾಡ್ಬೇಕು, ಶಾಫ್ಟ್ ಹೊರಗೆ ಹೋಗುವಲ್ಲಿ ನೀರು ಒಳಗೆ ಬಾರದ ಹಾಗೆ ಸ್ಟರ್ನ್ ಟ್ಯೂಬ್ ಗ್ಲ್ಯಾಂಡ್ ಪ್ಯಾಕಿಂಗ್ ಎಲ್ಲ ಆಗ್ಬೇಕು. ಇದ್ಯಾವುದೂ ಅವರ ಕೊಟೇಶನ್ನಲ್ಲಿ ಇರ್ಲಿಲ್ಲ. ಇಂಜಿನ್ ರೇಟ್ ಒಂದೇ.

ಮಲ್ಪೆಯ ಮೇಸ್ತ್ರಿ ರೇಟೇ ಹೇಳ್ಲಿಲ್ಲ ಮೊದಲು. ಬಿಚ್ಚಿ ಅಳತೆ ತೆಗ್ದು ಆಮೇಲೆ ಹೇಳ್ತೇನೆ, ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಮುಖ್ಯ ಶಾಫ್ಟ್) ಹೋಗಿದ್ರೆ ಮಾತ್ರ ಬೇರೆ ಯೋಚನೆ ಮಾಡುವ ಅಂದ್ರು. ನನಗೆ ನಂಬಿಕೆ ಬಂದದ್ದು ಆ ಮಾತಿಗೆ. ಇಬ್ಬರು ಹುಡುಗರನ್ನು ಕಳಿಸಿದ್ರು, ಚೈನ್ ಬ್ಲಾಕ್ ಕಟ್ಟಿ ದೋಣಿಯಿಂದ ಎತ್ತಿದ್ದು, ಇಡೀ ಇಂಜಿನ್ 300 ಕೆಜಿ ಮೇಲೆ ಉಂಟಲ್ಲ, ಹಾಗಾಗಿ ಫ್ಲೈವ್ಹೀಲ್ ಮೊದಲು ಬಿಚ್ಚಬೇಕು. ಆ ಫ್ಲೈವ್ಹೀಲನ್ನು ಶಾಫ್ಟಿಗೆ ಹಿಡಿಸುವ ಕಬ್ಬಿಣದ ತುಂಡು, ಅಂದ್ರೆ ಕೀ, ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಷ್ಟೋ ಜನ ಇಲ್ಲಿ ಸುತ್ತಿಗೆಯಲ್ಲಿ ಹೊಡೆದು ಕೀಯ ತಲೆಯೇ ಮುರಿತಾರೆ, ಆಮೇಲೆ ಡ್ರಿಲ್ ಮಾಡ್ಬೇಕು, ತಲೆನೋವು. ಇವರು ಡೀಸೆಲ್ ಬಿಟ್ಟು ಒಂದು ರಾತ್ರಿ ಹಾಗೇ ಇಟ್ರು, ಮರುದಿನ ಎರಡು ಬದಿಯಿಂದ ಬೆಣೆ ಕೊಟ್ಟು ಸ್ವಲ್ಪ ಸ್ವಲ್ಪವೇ ಎಳೆದು ತೆಗ್ದ್ರು.

ಬಿಚ್ಚಿದ ಮೇಲೆ ಗೊತ್ತಾಯ್ತು ಕಥೆ. ಲೈನರಿನ ಮೇಲ್ಭಾಗದಲ್ಲಿ, ರಿಂಗ್ ನಿಲ್ಲುವಲ್ಲಿ, ಬೆರಳಿನ ಉಗುರು ತಾಗಿಸಿದ್ರೆ ಸಿಕ್ಕಿಕೊಳ್ಳುವಷ್ಟು ದೊಡ್ಡ ಗೆರೆ. ಮೇಸ್ತ್ರಿ ಬೋರ್ ಗೇಜ್ ಇಟ್ಟು ಮೇಲೆ, ಮಧ್ಯೆ, ಕೆಳಗೆ, ಆಮೇಲೆ ಗೇಜ್ ತಿರುಗಿಸಿ ಅಡ್ಡಕ್ಕೆ ಅಳತೆ ತೆಗ್ದು ಚಾಕ್‌ಪೀಸಲ್ಲಿ ಗೋಡೆಗೆ ಬರೆದ್ರು. ಕ್ರ್ಯಾಂಕ್ ಪಿನ್ನಿಗೆ ಮೈಕ್ರೋಮೀಟರ್ ಹಿಡಿದು ಓವಲ್ ಆಗಿದೆಯಾ ಅಂತ ನೋಡಿದ್ರು, ತುಂಬ ಕಡಿಮೆ, ಪಾಲಿಶ್ ಮಾಡಿದ್ರೆ ಸಾಕು ಅಂತ. ಈ ಇಂಜಿನ್ನಲ್ಲಿ ಆಯಿಲ್ ಫಿಲ್ಟರೂ ಇಲ್ಲ, ಬಿಗ್ ಎಂಡಿಗೆ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಬೇರಿಂಗ್) ಪ್ರೆಶರ್ ಕೊಡುವ ಪಂಪೂ ಇಲ್ಲ, ಕನೆಕ್ಟಿಂಗ್ ರಾಡಿನ ಬುಡದಲ್ಲಿರುವ ಡಿಪ್ಪರ್ ಆಯಿಲಿಗೆ ಮುಳುಗಿ ಎರಚುದು ಅಷ್ಟೇ. ಅಷ್ಟರಲ್ಲೇ ಕ್ರ್ಯಾಂಕ್ ಇಷ್ಟು ವರ್ಷ ಉಳಿದದ್ದು ಸ್ಪೀಡ್ ಕಡಿಮೆ ಇದ್ದದ್ದಕ್ಕೆ. ಅಡಿಯಲ್ಲಿದ್ದ ಆಯಿಲ್ ಮಾತ್ರ ರಾಗಿ ಗಂಜಿಯ ಹಾಗೆ ಆಗಿತ್ತು.

ಇನ್ನು ಸ್ಪೇರ್ ಪಾರ್ಟ್ಸ್. ಇದು ಓದುವವರಿಗೆ ಮುಖ್ಯ. ರಾಜ್‌ಕೋಟ್‌ನಿಂದ ಲೈನರ್, ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್, ವಾಲ್ವ್ ಗೈಡ್ ಎಲ್ಲ ಈಗಲೂ ಸಿಗ್ತದೆ, ರೇಟೂ ಕಡಿಮೆ, ಆದ್ರೆ ಬಂದದ್ದನ್ನು ಹಾಗೇ ಹಾಕ್ಲಿಕ್ಕಿಲ್ಲ. ಬೋರ್ ನಾಲ್ಕೂವರೆ ಇಂಚು. ಒಂದು ಇಂಚು ಬೋರಿಗೆ ಮೂರರಿಂದ ನಾಲ್ಕು ಥೌ (ಇಂಚಿನ ಸಾವಿರದಲ್ಲಿ ಒಂದು ಭಾಗ) ರಿಂಗ್ ಗ್ಯಾಪ್ (ರಿಂಗಿನ ಎರಡು ತುದಿಯ ಮಧ್ಯದ ಸಂದು) ಅಂತ ಮೇಸ್ತ್ರಿಗಳ ಲೆಕ್ಕ, ಅಂದ್ರೆ 14ರಿಂದ 18 ಥೌ ಇದ್ರೆ ಸರಿ. ನನ್ನೆದುರೇ ಹೊಸ ಲೈನರಿಗೆ ಹೊಸ ರಿಂಗ್ ಇಳಿಸಿ, ಪಿಸ್ಟನ್ ಉಲ್ಟಾ ಹಿಡಿದು ನೇರ ಮಾಡಿ ತಳ್ಳಿ, ಫೀಲರ್ ಗೇಜ್ ತುರುಕಿಸಿದ್ರು. ಒಂದೊಂದೇ ಬ್ಲೇಡ್ ಸೇರಿಸ್ತಾ ಹೋದ್ರು, ನಿಲ್ಲುದೇ ಇಲ್ಲ, 40 ಥೌ ಹತ್ರ ಬಂತು! ಇದು ಹಾಕಿದ್ರೆ ಹಳೇದೇ ವಾಸಿ ಅಂತ ಇಡೀ ಸೆಟ್ ಕಟ್ಟಿ ವಾಪಸ್ ಕಳಿಸಿದ್ರು. ಎರಡನೇ ಸೆಟ್ ಸರಿ ಬಂತು. ಬೇರೆ ಎಷ್ಟು ಜನ ಇದನ್ನು ಅಳತೆ ಮಾಡ್ತಾರೆ ಹೇಳಿ, ಡಬ್ಬ ಒಡೆದು ಹಾಕಿ ಬಿಲ್ ಕೊಡುವವರೇ ಜಾಸ್ತಿ. ಇನ್ನೊಂದು, ಈ ಕಾಪಿ ಇಂಜಿನ್ನುಗಳ, ಎರಕದ ಪಾರ್ಟುಗಳ ಒಳಗೆ ಎರಕದ ಮರಳು ಉಳಿದಿರ್ತದೆ, ಅದು ಆಯಿಲಿಗೆ ಸೇರಿದ್ರೆ ಬೇರಿಂಗ್ ತಿಂದು ಹಾಕ್ತದೆ. ಫಿಲ್ಟರ್ ಬೇರೆ ಇಲ್ಲ. ಒಂದೊಂದು ಪಾರ್ಟನ್ನೂ ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ತೊಳೆದು, ಬಿಳಿ ಬಟ್ಟೆಯಲ್ಲಿ ಒರೆಸಿ ತೋರಿಸಿದ್ರು.

ಹೆಡ್ಡಲ್ಲಿ ಚೇಂಜ್ ಓವರ್ ವಾಲ್ವ್ ಅಂತ ಒಂದು ಸಣ್ಣ ಚಕ್ರ ಉಂಟು, ಸ್ಟಾರ್ಟ್ ಮಾಡುವಾಗ ಟೈಟ್ ಮಾಡಿದ್ರೆ ಒಳಗಿನ ಒಂದು ಪಾಕೆಟ್ ಮುಚ್ಚಿ ಕಂಪ್ರೆಶನ್ ಏರ್ತದೆ, ಇಂಜಿನ್ ಬಿಸಿ ಆದ ಮೇಲೆ ಲೂಸ್ ಮಾಡುದು. ನಮ್ಮದು ಜಾಮ್ ಆಗಿ ಎಷ್ಟು ವರ್ಷ ಆಗಿತ್ತೋ, ಅದು ತಿರುಗುವ ವಸ್ತು ಅಂತಲೇ ಮನೆಯಲ್ಲಿ ಯಾರಿಗೂ ಗೊತ್ತಿರ್ಲಿಲ್ಲ. ಅದನ್ನೂ ಬಿಡಿಸಿ ಸೀಟ್ ಗ್ರೈಂಡ್ ಮಾಡಿ ಕೊಟ್ರು. ಪಿಸ್ಟನ್ನಿಗೂ ಹೆಡ್ಡಿಗೂ ಮಧ್ಯೆ ಜಾಗ ಎಷ್ಟು ಅಂತ ನೋಡ್ಲಿಕ್ಕೆ ಪಿಸ್ಟನ್ ಮೇಲೆ ಸೀಸದ ತಂತಿಯ ತುಂಡು ಇಟ್ಟು, ಹೆಡ್ ಟೈಟ್ ಮಾಡಿ, ಕೈಯಲ್ಲಿ ನಿಧಾನ ಫ್ಲೈವ್ಹೀಲ್ ತಿರುಗಿಸಿ, ಪುನಃ ಬಿಚ್ಚಿ ಚಪ್ಪಟೆಯಾದ ತಂತಿಯ ದಪ್ಪ ಅಳೆದ್ರು. ಬ್ಲಾಕಿನ ಅಡಿಗೆ ಶಿಮ್ (ತೆಳ್ಳಗಿನ ತಗಡು) ಹಾಕಿ ತೆಗ್ದು ಪುನಃ ಅದೇ ಕೆಲಸ. ಹೆಡ್ ನಟ್ ಎಷ್ಟು ಸಲ ಬಿಚ್ಚಿ ಹಾಕಿದ್ರೂ ಮೇಸ್ತ್ರಿಗೆ ಬೇಜಾರಿಲ್ಲ, ನೋಡ್ತಾ ಕೂತ ನನಗೇ ಬೋರ್ ಆಯ್ತು.

ಲೈನರ್ ಇಷ್ಟು ಬೇಗ ಸವೆದದ್ದು ಯಾಕೆ ಅಂತ ಕೇಳಿದ್ರೆ ನೀರಿನ ಜಾಕೆಟ್ ತೋರಿಸಿದ್ರು. ಒಳಗೆ ತುಕ್ಕಿನ ಚಕ್ಕೆ, ಕೆಸರು, ಸಣ್ಣ ಸಣ್ಣ ಚಿಪ್ಪು ಕೂಡ. ನಾವು ಹೊಳೆ ನೀರನ್ನೇ ಪಂಪ್ ಮಾಡಿ ಇಂಜಿನ್ ಒಳಗೆ ಬಿಡ್ತಾ ಇದ್ದದ್ದು, ಮಳೆಗಾಲದಲ್ಲಿ ಸಿಹಿ ನೀರು ಹೌದು, ಆದ್ರೆ ಮಾರ್ಚ್ ಏಪ್ರಿಲಿಗೆ ಉಬ್ಬರ ಬಂದಾಗ ಹಿನ್ನೀರು ಪೂರ್ತಿ ಉಪ್ಪು. ಮೇಲಿಂದ ಆ ನೀರು ಇಂಜಿನ್ನನ್ನು ಬಿಸಿ ಆಗ್ಲಿಕ್ಕೆ ಬಿಡುದಿಲ್ಲ, ಸಣ್ಣ ಸಣ್ಣ ಟ್ರಿಪ್ಪಲ್ಲಿ ಇಂಜಿನ್ ಯಾವಾಗ್ಲೂ ತಣ್ಣಗೆ ಓಡಿದ್ರೆ ಲೈನರ್ ಬೇಗ ಸವೆತದೆ. ಮೇಸ್ತ್ರಿ ಹೇಳಿದ್ರು, ಒಳಗಿನ ನೀರು ಬೇರೆ ಹೊಳೆ ನೀರು ಬೇರೆ ಮಾಡುವ ಅಂತ. ಈಗ ದೋಣಿಯ ಅಡಿಯಲ್ಲಿ ಕೀಲ್ ಪಕ್ಕದಲ್ಲಿ ತಾಮ್ರದ ಪೈಪ್ ಓಡಿಸಿದ್ದಾರೆ, ಒಳಗಿನ ಸಿಹಿನೀರು ಅದರಲ್ಲೇ ಸುತ್ತು ಬಂದು ತಣ್ಣಗಾಗ್ತದೆ, ಒಂದು ಥರ್ಮೋಸ್ಟಾಟೂ ಹಾಕಿದ್ದಾರೆ. ನನ್ನ ಪ್ರಕಾರ ಹೊಸ ಪಿಸ್ಟನ್ ಲೈನರಿಗಿಂತ ಇದೇ ದೊಡ್ಡ ಕೆಲಸ.

ಇಂಗ್ಲೆಂಡಿನ ಕೆನಾಲ್‌ಗಳಲ್ಲಿ ನ್ಯಾರೋಬೋಟ್ ಅಂತ ಉಂಟಲ್ಲ, ಏಳು ಅಡಿ ಅಗಲದ ಉದ್ದುದ್ದ ದೋಣಿ, ಗಂಟೆಗೆ 4 ಮೈಲಿಗಿಂತ ಜಾಸ್ತಿ ಓಡಿಸ್ಲಿಕ್ಕೆ ಇಲ್ಲ, ಅವರೂ ಇದೇ ಮಾಡುದು, ಉಕ್ಕಿನ ದೋಣಿಯ ಒಳಬದಿಗೆ ಟ್ಯಾಂಕ್ ವೆಲ್ಡ್ ಮಾಡಿ ಅದರಲ್ಲಿ ಇಂಜಿನ್ ನೀರು ತಣಿಸ್ತಾರೆ. ಅಲ್ಲಿಯೂ ಇದೇ ಜಗಳ, ಹಳೇ ಗಾರ್ಡ್ನರ್, ರಸೆಲ್ ನ್ಯೂಬೆರಿ, ಲಿಸ್ಟರ್ ಇಟ್ಕೊಳ್ಳುದಾ ಅಥವಾ ಕುಬೋಟಾ ಬೇಸಿನ ಹೊಸ ಬೀಟಾ ಇಂಜಿನ್ ಹಾಕುದಾ ಅಂತ. ಬ್ಲೋ ಲ್ಯಾಂಪಲ್ಲಿ ತಲೆ ಕಾಯಿಸಿ ಸ್ಟಾರ್ಟ್ ಮಾಡುವ ಸ್ವೀಡನ್ನಿನ ಬೋಲಿಂಡರ್ ಕೂಡ ಇಟ್ಕೊಂಡವರು ಇದ್ದಾರೆ, ಅದು ಹುಚ್ಚು ಅಂತಲೇ ನನ್ನ ಅಭಿಪ್ರಾಯ. ನಮ್ಮ ರಾಜ್‌ಕೋಟ್ ಪಾರ್ಟುಗಳು ಅಲ್ಲಿಗೂ ಹೋಗ್ತವೆ.

ಈಗ ಹೇಗುಂಟು? ಬೆಳಿಗ್ಗೆ ಹ್ಯಾಂಡಲ್ ಹಾಕಿ ತಿರುಗಿಸಿ ಲಿವರ್ ಬಿಟ್ರೆ ಹಿಡಿತದೆ. ಹೊಗೆ ಸ್ಟಾರ್ಟಿಂಗಲ್ಲಿ ಸ್ವಲ್ಪ, ಆಮೇಲೆ ಕಾಣುದಿಲ್ಲ. ಲೋಡ್ ಹಾಕಿ ಹೋದ್ರೂ ಗಂಟೆಗೆ ಒಂದು ಲೀಟರ್ ಆಸುಪಾಸು ಡೀಸೆಲ್. ಸೌಂಡ್ ಮಾತ್ರ ಅದೇ, ದೊಡ್ಡಮ್ಮ ಈಗಲೂ ಬೈತಾರೆ, ಇಷ್ಟು ಖರ್ಚು ಮಾಡಿ ಸೌಂಡ್ ಕಮ್ಮಿ ಆಗ್ಲಿಲ್ವಾ ಅಂತ. ಒಟ್ಟು ಖರ್ಚು ಮಂಗಳೂರಿನವರು ಹೇಳಿದ ಹೊಸ ಇಂಜಿನ್ ರೇಟಿನ ಅರ್ಧಕ್ಕಿಂತ ಕಡಿಮೆ, ಅದೂ ಕೂಲಿಂಗ್ ಪೈಪ್ ಸೇರಿ.

ಇನ್ನು ಆ ಒಂದು ಸ್ಟಾರ್ ವಿಷಯ. ಟೈಮ್ ಅಂದ್ರೆ ಇವರಿಗೆ ಆಗುದೇ ಇಲ್ಲ. ಬರುವ ವಾರ ಅಂದದ್ದು ತಿಂಗಳಾಗ್ತದೆ, ಫೋನ್ ಮಾಡಿದ್ರೆ ಎತ್ತುದಿಲ್ಲ, ಎತ್ತಿದ್ರೆ ನಾಳೆ ಬನ್ನಿ ಅಂತಾರೆ, ನಾಳೆ ಹೋದ್ರೆ ಮೇಸ್ತ್ರಿ ಧಕ್ಕೆಯಲ್ಲಿ (ಬೋಟು ಕಟ್ಟುವ ಜಾಗ) ಯಾವುದೋ ಬೋಟಿನ ಒಳಗೆ. ಬಿಲ್ ಕೊಡುದಿಲ್ಲ, ಗೋಡೆ ಮೇಲಿನ ಚಾಕ್‌ಪೀಸ್ ಲೆಕ್ಕವೇ ಬಿಲ್ಲು, ಫೋಟೋ ತೆಗೆದಿಟ್ಕೊಳ್ಳಿ. ಬಿಚ್ಚಿದ ಪಾರ್ಟುಗಳು ಯಾರದ್ದು ಯಾವುದು ಅಂತ ಚೀಟಿಯೂ ಇಲ್ಲ, ನಾನೇ ಪೇಂಟಲ್ಲಿ ಗುರುತು ಹಾಕಿದೆ.

ಎಲ್ಲರಿಗೂ ರಿಪೇರಿಯೇ ಒಳ್ಳೇದು ಅಂತ ನಾನು ಹೇಳುದಿಲ್ಲ. ಕ್ರ್ಯಾಂಕ್ ಬಿರುಕು ಬಿಟ್ಟಿದ್ರೆ, ಉಪ್ಪು ತಿಂದು ಬ್ಲಾಕ್ ಒಡೆದಿದ್ರೆ, ಅಥವಾ ದಿನವಿಡೀ ಓಡಿಸಿ ದುಡಿಯುವ ದೋಣಿ ಆದ್ರೆ ಹೊಸದೇ ಹಾಕಿ, ಗೇರ್ ಬಾಕ್ಸ್ ಪ್ರೊಪೆಲ್ಲರ್ ಸೇರಿ ಕೊಟೇಶನ್ ತಗೊಳ್ಳಿ. ಅಳತೆ ತೆಗೆಯದೆ ಬಿಸಾಡಿ ಅನ್ನುವವರ ಹತ್ರ ಹೋಗ್ಬೇಡಿ ಅಷ್ಟೇ.

ಹೋಗುದಾದ್ರೆ ಜೂನ್ 1ರಿಂದ ಜುಲೈ 31ರವರೆಗೆ ಬೇಡ. ಮೀನುಗಾರಿಕೆ ರಜೆ, ಎಲ್ಲ ಟ್ರಾಲ್ ಬೋಟಿನ ಲೇಲ್ಯಾಂಡ್ ಇಂಜಿನ್ ಅಲ್ಲೇ ರಾಶಿ ಬಿದ್ದಿರ್ತದೆ, ನಿಮ್ಮ ಒಂದು ಸಿಲಿಂಡರನ್ನು ಯಾರೂ ಮುಟ್ಟುದಿಲ್ಲ. ಅಕ್ಟೋಬರ್ ನವೆಂಬರ್ ಒಳ್ಳೇದು. ಮಧ್ಯಾಹ್ನ ಊಟದ ಹೊತ್ತಿಗೆ ಶಟರ್ ಎಳೆದಿರ್ತಾರೆ, ಬೆಳಿಗ್ಗೆ ಬೇಗ ಹೋಗಿ, ಅಡ್ವಾನ್ಸ್ ಕ್ಯಾಶಲ್ಲೇ ಕೊಡ್ಬೇಕು.