ಬಾಳೆಗುಳಿಯಲ್ಲಿ ಎಡಕ್ಕೋ, ನೇರಕ್ಕೋ? ಆಯಿಯ ಮನೆಗೆ ಎರಡು ಘಟ್ಟ, ಒಂದು ಬಸ್ಸು

ನಸುಕಿನಲ್ಲಿ ಸೈಕಲ್ ಹತ್ತಿ ಕಾರವಾರ ಬಿಟ್ಟರೆ ಅಂಕೋಲಾದ ಬಾಳೆಗುಳಿ ಮುಟ್ಟುವಷ್ಟರಲ್ಲಿ ಬೆಳಕು ಹರಿದಿರುತ್ತದೆ. ಬಿಣಗಾ ಏರು ಹತ್ತಿ ಇಳಿದು ಮೈ ಬಿಸಿಯಾಗಿರುತ್ತದೆ, ಚಹಾ ಬೇಕೆನಿಸಿರುತ್ತದೆ. ನಮ್ಮ ಆರು ಜನರ ಜಗಳ ಶುರುವಾಗುವುದೂ ಅಲ್ಲೇ. ಎಡಕ್ಕೆ ತಿರುಗಿದರೆ ಹುಬ್ಬಳ್ಳಿ ರಸ್ತೆ, ಅರಬೈಲ್ ಘಟ್ಟ, ಯಲ್ಲಾಪುರ. ನೇರ ಹೋದರೆ ಕುಮಟಾ ಕಡೆ, ಅಲ್ಲಿಂದ ದೇವಿಮನೆ ಘಟ್ಟ, ಶಿರಸಿ.

ಶಿರಸಿ ಪೇಟೆಗೇ ಹೋಗುವುದಾದರೆ ಜಗಳಕ್ಕೆ ಅರ್ಥವೇ ಇಲ್ಲ. ದೇವಿಮನೆ ಮೇಲೆ ಸುಮಾರು 120 ಕಿ.ಮೀ., ಯಲ್ಲಾಪುರದ ಮೇಲೆ ಸುಮಾರು 150. ಆದರೆ ಆಯಿ, ಎಂದರೆ ನನ್ನ ಅಮ್ಮ, ಇರುವ ನಮ್ಮ ಮನೆ ಯಲ್ಲಾಪುರ ರಸ್ತೆಯಲ್ಲಿ, ಶಿರಸಿಯಿಂದ ಹನ್ನೆರಡು ಕಿಲೋಮೀಟರು ಆಚೆ. ದೇವಿಮನೆ ಹತ್ತಿ ಬಂದವನು ಪೇಟೆ ದಾಟಿ ಇನ್ನೂ ಹನ್ನೆರಡು ತುಳಿಯಬೇಕು, ಅರಬೈಲಿನಿಂದ ಬಂದವನಿಗೆ ಅದೇ ಹನ್ನೆರಡು ಉಳಿತಾಯ. ಲೆಕ್ಕ ಹಾಕಿದರೆ 132ಕ್ಕೆ 138. ಆರು ಕಿಲೋಮೀಟರಿಗೆ ಇಷ್ಟು ಗಲಾಟೆ ಯಾಕೆ ಎಂದು ಎರಡನ್ನೂ ಮಾಡಿಯೇ ನೋಡಿದೆವು. ಜನವರಿಯಲ್ಲಿ ಒಮ್ಮೆ, ಫೆಬ್ರವರಿ ಕೊನೆಗೆ ಇನ್ನೊಮ್ಮೆ.

ನಾವೇನು ದೊಡ್ಡ ಸವಾರರಲ್ಲ. ಭಾನುವಾರ ಕಾಳಿ ಸೇತುವೆ ದಾಟಿ ಮಾಜಾಳಿಯವರೆಗೆ ಹೋಗಿ, ಇಡ್ಲಿ ತಿಂದು ವಾಪಸಾಗುವವರು. ಗುಂಪಿನಲ್ಲಿ ಒಬ್ಬರು ಮೇಷ್ಟ್ರು, ಒಬ್ಬ ಮೆಡಿಕಲ್ ಅಂಗಡಿಯವ, ಐವತ್ತು ದಾಟಿದವರು ಇಬ್ಬರು. ಕರಾವಳಿಯವರಿಗೆ ಏರು ಎಂದರೆ ಸೇತುವೆಯ ಏರು.

ಮೊದಲು ದೇವಿಮನೆ. ಅಂಕೋಲಾ ದಾಟಿದರೆ ಚತುಷ್ಪಥ, ಸೈಕಲ್ಲಿಗೆ ಅಂಚಿನಲ್ಲಿ ಬೇಕಾದಷ್ಟು ಜಾಗ. ಶಿರೂರು ಬಂದಾಗ ಮಾತ್ರ ಯಾರೂ ಹೇಳದೆಯೇ ಎಲ್ಲರ ಮಾತು ನಿಂತಿತು. 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯನ್ನೂ ಚಹಾದಂಗಡಿಯನ್ನೂ ಗಂಗಾವಳಿಗೆ ತಳ್ಳಿದ್ದು ಇಲ್ಲೇ. ಕಾರಿನಲ್ಲಿ ಹೋದರೆ ಒಂದು ನಿಮಿಷದಲ್ಲಿ ದಾಟಿಹೋಗುವ ಜಾಗ. ಸೈಕಲ್ಲಿನಲ್ಲಿ ಆ ಬೋಳು ಗುಡ್ಡ ಎಡಕ್ಕೆ, ಹೊಳೆ ಬಲಕ್ಕೆ ತುಂಬ ಹೊತ್ತು ಜೊತೆಗೇ ಬರುತ್ತವೆ. ಮಿರ್ಜಾನ್ ಕೋಟೆಯನ್ನು ‘ವಾಪಸ್ ಬರುವಾಗ ನೋಡೋಣ’ ಎಂದು ಬಿಟ್ಟೆವು. ಹಾಗೆ ಬಿಟ್ಟು ಎಷ್ಟು ವರ್ಷವಾಯಿತೋ! ಕುಮಟಾ ಪೇಟೆ ಸಿಗುವ ಮೊದಲೇ, ದಿವಗಿ ಹತ್ತಿರ, ಶಿರಸಿ ರಸ್ತೆ.

ಕತಗಾಲದಲ್ಲಿ ಬನ್ಸ್ ತಿಂದು ಏರಲು ಶುರುಮಾಡಿದಾಗ ಒಂಬತ್ತೂವರೆ. ಶಿರಸಿ ಇರುವುದು ಸಮುದ್ರಕ್ಕಿಂತ ಸುಮಾರು 590 ಮೀಟರ್ ಎತ್ತರದಲ್ಲಿ, ಅದರಲ್ಲಿ ದೊಡ್ಡ ಪಾಲು ಈ ಘಟ್ಟದಲ್ಲೇ ತೀರಬೇಕು. ವರ್ಷಗಟ್ಟಲೆ ನಡೆದ ಅಗಲೀಕರಣದಲ್ಲಿ ರಸ್ತೆ ಹಿಗ್ಗಿದೆ, ಮರ ಕುಗ್ಗಿವೆ. ನಾನು ಹೈಸ್ಕೂಲಿನಲ್ಲಿದ್ದಾಗ ಬಸ್ಸಿನ ಕಿಟಕಿಗೆ ಕೊಂಬೆ ಬಡಿಯುತ್ತಿದ್ದ ತಿರುವುಗಳಲ್ಲಿ ಈಗ ಬಿಸಿಲು ನೇರ ನೆತ್ತಿಗೆ. ಆದರೂ ದೇವಿಮನೆಯ ಗುಣವೆಂದರೆ, ಇಲ್ಲಿ ಏರು ನಮ್ಮದೇ. ವಾಹನ ಬರುತ್ತವೆ, ಹೋಗುತ್ತವೆ, ನಡುವೆ ಎರಡು ಮೂರು ನಿಮಿಷ ಚೈನಿನ ಸದ್ದು, ನಮ್ಮ ಉಸಿರು ಬಿಟ್ಟರೆ ಬೇರೇನೂ ಇಲ್ಲ. ಮೇಷ್ಟ್ರು ಮೂರನೇ ತಿರುವಿನಲ್ಲಿ ಇಳಿದು ತಳ್ಳತೊಡಗಿದರು. ಸಣ್ಣ ಗಿಯರಿನಲ್ಲಿದ್ದ ನನಗೂ ಅವರಿಗೂ ವೇಗದಲ್ಲಿ ವ್ಯತ್ಯಾಸವೇ ಇರಲಿಲ್ಲ, ಮಾತಾಡುತ್ತಲೇ ಹೋದೆವು. ಮೇಲೆ ದೇವಸ್ಥಾನದ ಮುಂದೆ ಎಲ್ಲರೂ ಸೇರುವಾಗ ಹನ್ನೊಂದೂ ಕಾಲು.

ಘಟ್ಟ ಮುಗಿಯಿತೆಂದು ಅಲ್ಲಿ ಫೋಟೊ ತೆಗೆಸಿಕೊಂಡವರೆಲ್ಲ ಆಮೇಲೆ ನನ್ನನ್ನು ಬೈದರು. ರಾಗಿಹೊಸಳ್ಳಿ, ಬಂಡಲ, ಅಮ್ಮಿನಳ್ಳಿ ಎಂದು ಶಿರಸಿಯವರೆಗೂ ರಸ್ತೆ ಇಳಿಯುತ್ತದೆ, ಮತ್ತೆ ಏರುತ್ತದೆ. ಸುಸ್ತಾದ ಕಾಲಿಗೆ ಈ ಸಣ್ಣ ದಿಬ್ಬಗಳೇ ಹೆಚ್ಚು. ನಡು ಮಧ್ಯಾಹ್ನ ಶಿರಸಿ ಪೇಟೆ ದಾಟಿ ಕೊನೆಯ ಹನ್ನೆರಡು ಕಿಲೋಮೀಟರು ತುಳಿದದ್ದು ನನಗೆ ಸರಿಯಾಗಿ ನೆನಪೂ ಇಲ್ಲ.

ಅಂಗಳಕ್ಕೆ ಬಂದಾಗ ಎರಡೂವರೆ. ಆಯಿ ಆರು ಜನರನ್ನೂ ಒಮ್ಮೆ ನೋಡಿದಳು. “ಬಂದ್ಯನಾ ತಮಾ? ಆಸ್ರಿಗೆ ಎಂತ ಅಡ್ಡಿಲ್ಲೆ?” ಎನ್ನುತ್ತ ಕುಡಿಯಲು ಏನಾಗಬಹುದೆಂದು ಕೇಳಿದವಳು ಉತ್ತರಕ್ಕೆ ಕಾಯದೆ ಕಬ್ಬಿನ ಹಾಲು ತರಲು ಒಳಗೆ ಹೋದಳು. ಪಕ್ಕದ ಮನೆಯಲ್ಲಿ ಆಲೆಮನೆ ನಡೆದಿತ್ತು. ನಮಗೆ ಅದನ್ನು ಹೊಗಳುವಷ್ಟೂ ತ್ರಾಣ ಇರಲಿಲ್ಲ. ಅವಳಿಗೆ ನಿಜಕ್ಕೂ ಚಿಂತೆಯಾದದ್ದು ಸೈಕಲ್ಲಿನದು. “ಇದ್ಕೆ ಸ್ಟ್ಯಾಂಡ್ ಇಲ್ಯನಾ?” ಎಂದು ನನ್ನ ಸೈಕಲ್ಲನ್ನು ಮೂರು ಸಲ ನಿಲ್ಲಿಸಿ ನೋಡಿದಳು. ಇಷ್ಟು ದುಡ್ಡು ಕೊಟ್ಟು ತಂದದ್ದು ಸ್ವಂತ ಕಾಲ ಮೇಲೆ ನಿಲ್ಲುವುದಿಲ್ಲ ಎಂಬುದನ್ನು ಅವಳು ಇವತ್ತಿಗೂ ಒಪ್ಪಿಲ್ಲ.

ಇನ್ನು ಅರಬೈಲು. ಕಾಗದದ ಮೇಲೆ ಇದೇ ಒಳ್ಳೆಯದು. ಬಾಳೆಗುಳಿಯಿಂದ ಸುಂಕಸಾಳ, ರಾಮನಗುಳಿ, ಗುಳ್ಳಾಪುರದವರೆಗೆ ಗಂಗಾವಳಿಯ ಕಣಿವೆಯಲ್ಲೇ ಹೋಗುವ ರಸ್ತೆ. ಏರು ಗೊತ್ತೇ ಆಗದ ಹಾಗೆ ಏರುತ್ತದೆ. ಬೆಳಗಿನ ಮಂಜು, ಹೊಳೆಯಂಚಿನ ತೋಟ ಎಲ್ಲ ಚಂದ. ಆದರೆ ಇದು ಹುಬ್ಬಳ್ಳಿಯನ್ನು ಕರಾವಳಿಗೆ ಕಟ್ಟಿದ ಹಗ್ಗ, ಅದರ ತುಂಬ ಲಾರಿ. ಬೇಲೆಕೇರಿ ಬಂದರಿಗೆ ಅದಿರು ಹೋಗುತ್ತಿದ್ದ ಕಾಲದಲ್ಲಿ ಈ ರಸ್ತೆಯ ಮರಗಳೆಲ್ಲ ಕೆಂಪಾಗಿದ್ದವು. ಅದಿರು ನಿಂತಿದೆ, ಲಾರಿ ನಿಂತಿಲ್ಲ. ಹುಬ್ಬಳ್ಳಿ-ಅಂಕೋಲಾ ರೈಲು ಬಂದಿದ್ದರೆ ಇವುಗಳಲ್ಲಿ ಎಷ್ಟೋ ಕಡಿಮೆಯಾಗುತ್ತಿತ್ತು, ಆ ರೈಲಿಗೆ ಕಾಡು ಎಷ್ಟು ಹೋಗುತ್ತಿತ್ತು ಎಂಬ ಜಗಳ ಬೇರೆಯೇ.

ಘಟ್ಟದಲ್ಲಿ ಮಾತು ಸಾಧ್ಯವಿಲ್ಲ. ಒಬ್ಬರ ಹಿಂದೆ ಒಬ್ಬರು ಸಾಲಾಗಿ, ಕೊನೆಯವನು ‘ಗಾಡಿ!’ ಎಂದು ಕೂಗಿದಾಗಲೆಲ್ಲ ಬಿಳಿಗೆರೆಯ ಆಚೆ, ಜಲ್ಲಿಗೆ. ಇಳಿದು ಬರುವ ಲಾರಿಗಳ ಬ್ರೇಕಿನ ಸುಟ್ಟ ವಾಸನೆ ಗಂಟಲಲ್ಲಿ ಕೂರುತ್ತದೆ. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ ಹೊತ್ತು ಹೊರಟಿದ್ದ ಲಾರಿ ನಸುಕಿನಲ್ಲಿ ಕಂದಕಕ್ಕೆ ಉರುಳಿದ್ದು ಇದೇ ರಸ್ತೆಯಲ್ಲಿ. ಅದರ ಮೇಲೆ ಕೂತು ಬರುತ್ತಿದ್ದ ವ್ಯಾಪಾರಿಗಳು ಸತ್ತರು. ಅದು ಗೊತ್ತಿದ್ದವನಿಗೆ ಪ್ರತಿ ತಿರುವಿನಲ್ಲೂ ಕಿವಿ ಹಿಂದಕ್ಕೇ ಇರುತ್ತದೆ.

ಲೋಡು ತುಂಬಿ ಏರುವ ಲಾರಿಯ ವೇಗವೂ ನಮ್ಮದೂ ಹೆಚ್ಚುಕಡಿಮೆ ಒಂದೇ. ಒಂದು ಲಾರಿ ನನ್ನ ಪಕ್ಕದಲ್ಲೇ ಅರ್ಧ ಕಿಲೋಮೀಟರು ನರಳುತ್ತ ಬಂತು. ಅದು ಮುಂದೆ ಹೋಗಲಾರದು, ನಾನೂ ಹಿಂದೆ ಉಳಿಯಲಾರೆ. ಕ್ಲೀನರ್ ಹುಡುಗ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ನನ್ನನ್ನು ಚೆನ್ನಾಗಿ ನೋಡಿ ಕೇಳಿದ: “ಯಾಕ್ರೀ ಸರ, ಬಸ್ ಸಿಗಲಿಲ್ಲೇನ್ರಿ?” ನಗು ಬಂತು, ನಕ್ಕರೆ ಉಸಿರು ಹೋಯಿತು, ಇಳಿದುಬಿಟ್ಟೆ.

ಆದರೆ ಯಲ್ಲಾಪುರ ಮುಟ್ಟಿ ಶಿರಸಿ ಕಡೆ ತಿರುಗಿದಿರೋ, ಬೇರೆಯೇ ಲೋಕ. ಮಂಚಿಕೇರಿ ರಸ್ತೆಯ ನೆರಳು, ಬೇಡ್ತಿ ಹೊಳೆ, ಊರು ಊರಿಗೆ ಒಂದೆರಡು ಬೈಕು. ದೇವಿಮನೆಯ ದಾರಿಯಲ್ಲಿ ಕೊನೆ ಕೆಟ್ಟದ್ದು, ಅರಬೈಲಿನ ದಾರಿಯಲ್ಲಿ ಕೊನೆಯೇ ಒಳ್ಳೆಯದು. ಅಂಗಳಕ್ಕೆ ಬಂದಾಗ ಹೆಚ್ಚುಕಡಿಮೆ ಅದೇ ಹೊತ್ತು, ಆದರೆ ಈ ಸಲ ಮನುಷ್ಯರ ಹಾಗೆ ಕೂತು ಉಂಡೆವು. ಮೆಡಿಕಲ್ ಅಂಗಡಿಯವ ಮಾವಿನಕಾಯಿಯ ಅಪ್ಪೆಹುಳಿಯನ್ನು ಲೋಟದಲ್ಲಿ ಐದು ಸಲ ಹಾಕಿಸಿಕೊಂಡ. ಕುಡಿದರೆ ನಿದ್ದೆ ಬರುತ್ತದೆಂದು ಎಚ್ಚರಿಸಿದೆವು. ತನ್ನ ಅಂಗಡಿಯಲ್ಲಿ ಇದಕ್ಕಿಂತ ಗಟ್ಟಿ ಗುಳಿಗೆ ಇದೆ ಎಂದ. ಜಗುಲಿಯಲ್ಲಿ ಐದೂವರೆಯವರೆಗೆ ಗೊರಕೆ.

ಯಾರಾದರೂ ಕೇಳಿದರೆ ನಾನು ಹೇಳುವುದು: ಗುಂಪಾಗಿ ಹೋಗುವವರು, ಅದರಲ್ಲೂ ಹೊಸಬರಿದ್ದರೆ, ದೇವಿಮನೆ. ಶಿರಸಿಯಲ್ಲಿ ಉಳಿದುಕೊಂಡರೆ ಇನ್ನೂ ಉತ್ತಮ. ಅರಬೈಲು ಕಾಲಿಗೆ ಹಗುರ, ಜೀವಕ್ಕೆ ಭಾರ. ಮಳೆಗಾಲದಲ್ಲಿ ಎರಡೂ ಬೇಡ. ಗುಡ್ಡ ಯಾವಾಗ ಜಾರುತ್ತದೋ ಹೇಳಲಾಗದು, ರಕ್ತ ಹೀರುವ ಉಂಬಳ ಬೇರೆ.

ಮೂರನೆಯದನ್ನು ಮಾರ್ಚ್ ಕೊನೆಗೆ ನಾನೊಬ್ಬನೇ ಮಾಡಿದ್ದು. ಎರಡು ಸಲವೂ ಆಯಿ ಬಡಿಸುವುದರಲ್ಲೇ ಇದ್ದಳು, ಅವಳ ಮಂಡಿನೋವಿನ ವಿಷಯ ಕೇಳಲೂ ಆಗಿರಲಿಲ್ಲ. ಅದಕ್ಕೆ ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ ಬಸ್ಸಿನ ಡಿಕ್ಕಿಗೆ ಹಾಕಿ, ಲಗೇಜ್ ಟಿಕೆಟ್ ತೆಗೆದು ಶನಿವಾರ ಹೋದೆ, ಭಾನುವಾರ ದೇವಿಮನೆ ಇಳಿದು ಬರುವುದೆಂದು. ನಿದ್ದೆ ಮಾಡಿ, ಬೆವರದೆ, ಹನ್ನೊಂದಕ್ಕೇ ಮನೆ. ಇದಕ್ಕಿಂತ ಸುಖದ ದಾರಿ ಇಲ್ಲ.

ಆಯಿ ನನ್ನ ಹಿಂದೆ ಗೇಟಿನ ಕಡೆಗೇ ನೋಡುತ್ತಿದ್ದಳು. “ಉಳ್ದವು ಎಲ್ಲಿ?”

ಜಗುಲಿಯ ಪಕ್ಕದಲ್ಲಿ ಅಡಿಕೆ ದಬ್ಬೆ ಅಡ್ಡ ಕಟ್ಟಿಸಿದ್ದಳು, ಆರು ಸೈಕಲ್ ಒರಗುವಷ್ಟು ಉದ್ದಕ್ಕೆ. ಮಂಡಿಯ ಮಾತು ತೆಗೆದರೆ ಮೇಷ್ಟ್ರು ಈಗಲೂ ಘಟ್ಟದಲ್ಲಿ ತಳ್ಳುತ್ತಾರೋ ಎಂದು ಕೇಳಿದಳು. ಹೊರಡುವಾಗ ತೊಡೆದೇವು ಎಂಬ ಗರಿಗರಿ ಸಿಹಿತಿಂಡಿಯ ಪೊಟ್ಟಣ ಕೊಟ್ಟು “ಅವ್ಕೆ ಕೊಡು” ಎಂದಳು. ಅದು ಕಾಗದಕ್ಕಿಂತ ತೆಳು, ಸೈಕಲ್ಲಿನಲ್ಲಿ ಉಳಿಯುವುದಿಲ್ಲ ಎಂದರೆ ಕೇಳಬೇಕಲ್ಲ. ಬೆನ್ನಚೀಲದಲ್ಲಿ ಟವೆಲು ಸುತ್ತಿ ಇಟ್ಟು, ಘಟ್ಟದ ಒಂದೊಂದು ತಿರುವನ್ನೂ ಬ್ರೇಕ್ ಹಿಡಿದೇ ಇಳಿದೆ. ಕತಗಾಲದಲ್ಲಿ ಬಿಚ್ಚಿ ನೋಡಿದರೆ ಹನ್ನೆರಡರಲ್ಲಿ ಎರಡು ಇಡಿಯಾಗಿದ್ದವು, ಉಳಿದದ್ದು ಪುಡಿ. ಪುಡಿಯನ್ನು ಅಲ್ಲೇ ಚಹಾದ ಜೊತೆ ತಿಂದೆ. ಆ ಎರಡು ಯಾರಿಗೆ ಎಂಬುದು ಕಾರವಾರದವರೆಗೂ ತೀರ್ಮಾನವಾಗಲಿಲ್ಲ.